ಲೈನ್ ಕ್ಲಿಯರ್

ಜೀನ್ಸ್ ಯುನಿಟ್ಟಿನಲ್ಲಿ ನಾನು ಎರಡನೇ ಲೈನು.
ಹೀಗಂದರೆ ಹೊರಗಿನವರಿಗೆ ತಿಳಿಯದು:
ಮೂವತ್ತು ಮಷೀನು, ಒಂದರ ಹಿಂದೊಂದು,
ಒಬ್ಬಳು ಜೇಬು, ಒಬ್ಬಳು ಜಿಪ್ಪು, ನಾನು ಬರೇ ಎಡಗಾಲು.
ಇಡೀ ಪ್ಯಾಂಟು ಹೊಲಿದವರು ನಮ್ಮಲ್ಲಿ ಯಾರೂ ಇಲ್ಲ.

ಮಧ್ಯಾಹ್ನ ಮೂರಕ್ಕೆ ಸೂಜಿ ಬಟ್ಟೆಯೊಳಗೇ ನಿಂತಿತು.
‘ಲೈನ್ ಹೋಯ್ತು’ ಅಂದ ಮಾಸ್ಟರ್ ಹುಸೇನಪೀರ.
‘ಯಾವುದು?’ ಅಂದಳು ಎರ್ರೆಮ್ಮ,
ಸಿರುಗುಪ್ಪದಿಂದ ಬಂದು ಇನ್ನೂ ಎಂಟು ದಿನ.
ನಕ್ಕೆವು. ಅವಳು ಕೇಳಿದ್ದು ಸರಿಯಾಗಿಯೇ ಇತ್ತು.

ಕರೆಂಟಿನದೊಂದು. ಗಂಡ ಅದಿರಿನ ಲಾರಿ ಹತ್ತಿ
ಬಂದರಿಗೆ ಹೋದರೆ ಅವನೂ ‘ಲೈನಿಗೆ ಹೋಗ್ಯಾನ’.
ರೇಷನ್ ಅಂಗಡಿ ಮುಂದೆ
ನಮ್ಮ ಬದಲು ನಮ್ಮ ಚಪ್ಪಲಿ ನಿಂತ ಲೈನು.
ಗೇಟಿನ ಹತ್ತಿರ ಬೈಕು ಒರೆಸಿದ್ದನ್ನೇ ಒರೆಸುತ್ತ
ಹುಡುಗ ಹೊಡೆಯುವ ಲೈನು,
ಯಾರಿಗಂತ ಎಲ್ಲರಿಗೂ ಗೊತ್ತು, ಅವಳೊಬ್ಬಳಿಗೆ ಬಿಟ್ಟು.
ಕುಡಿತ ಬಿಟ್ಟ ಅಣ್ಣ ‘ಲೈನಿಗೆ ಬಂದ’.
ನಾವಿರುವುದು ಕೌಲ್ ಬಜಾರದ ಲೈನ್ ಮನೆ,
ಆರು ಬಾಗಿಲಿಗೆ ಒಂದೇ ನಲ್ಲಿ;
ಹಿಂದೆ ರೈಲ್ವೆ ಲೈನು,
ಗೂಡ್ಸ್ ಹೋದಾಗ ಗಂಗಾಳ ತಾನಾಗಿ ಮಾತಾಡುತ್ತದೆ.

ಅಪ್ಪನದು ಲೈನ್ ಕ್ಲಿಯರ್.
ಕಂಬ ಹತ್ತುವ ಮುಂಚೆ ಸ್ಟೇಷನ್ನಿಗೆ ಫೋನು:
‘ಕ್ಲಿಯರಾ?’
‘ಕ್ಲಿಯರ್.’
ಒಂದು ದಿನ ಆ ಎರಡನೇ ಮಾತು ಸುಳ್ಳಾಯಿತು.
ಜೀವ ಉಳಿಯಿತು. ಗಾಯ ಮಾಗಿದ ಮೇಲೆ
ಬಲ ಅಂಗೈಯಲ್ಲಿ ಗೆರೆಗಳಿರಲಿಲ್ಲ.
ಕೋಟೆ ಕೆಳಗೆ ಕೈ ನೋಡುವ ಮುದುಕಿ
ಹಿಡಿದು, ತಿರುಗಿಸಿ, ಬಿಸಿಲಿಗೊಡ್ಡಿ,
ಇಸಕೊಂಡ ಹತ್ತು ರೂಪಾಯಿ ವಾಪಸ್ ಕೊಟ್ಟಳು.
ಅದನ್ನು ಇವತ್ತಿಗೂ ಗೆದ್ದವನ ಹಾಗೆ ಹೇಳುತ್ತಾನೆ.

ಈಗ ಹೊಸ್ತಿಲ ಮೇಲೆ ಕೂತು
ನಾನು ತಂದ ಪ್ಯಾಂಟುಗಳ ಉಳಿಕೆ ದಾರ ಕತ್ತರಿಸುತ್ತಾನೆ,
ಪೀಸಿಗೆ ಎಪ್ಪತ್ತೈದು ಪೈಸೆ.

ಮೊನ್ನೆ ರಾತ್ರಿ ಅಣ್ಣನ ಮಗ ಗಾದಿಲಿಂಗ
ಸಾಲೆಯಿಂದ ದಪ್ಪ ಡಿಕ್ಷನರಿ ಹೊತ್ತು ತಂದ.
‘ಅತ್ತೆ, ಲೈನಿಗೆ ಒಂದೂವರೆ ಕಾಲಮ್ ಅರ್ಥ ಐತಿ!’
ಬೆರಳಿಟ್ಟು ಓದುತ್ತ ಓದುತ್ತ ತಳಕ್ಕಿಳಿದು
ಮೂಲದ ಹತ್ತಿರ ತಡೆದ.
ಲ್ಯಾಟಿನ್ನಿನಲ್ಲಿ ಲೀನುಂ. ಒಂದು ನಾರಿನ ಗಿಡ.
ಆ ನಾರಿನ ದಾರವೇ ಮೊದಲ ಲೈನಂತೆ.
ಗಿಡಕ್ಕೆ ಕನ್ನಡದಲ್ಲಿ ಏನು?
ಹಾಳೆ ತಿರುವಿದ, ಇನ್ನೊಂದು ತಿರುವಿದ:
ಅಗಸೆ.

‘ಅಗಸಿ ಹಿಂಡಿ ಬೇಕೇನೋ?’ ಒಳಗಿಂದ ಅವ್ವ.

ಅಷ್ಟು ವರ್ಷ ರೊಟ್ಟಿಯ ಜತೆ ಅಗಿದಿದ್ದೆವು
ತಂತಿ, ಹಳಿ, ಚಪ್ಪಲಿಗಳ ಸರತಿ, ಆ ಬೈಕಿನ ಹುಡುಗ
ಎಲ್ಲವನ್ನೂ, ಕಂದು ಕಾಳು ಅಂದುಕೊಂಡು.

ಹುಡುಗನಿಗೆ ಹುಚ್ಚು ಹತ್ತಿತು.
‘ಅಗಸಗ ಗುಡಿಸು ಕೊಟ್ರ ಅಗಸಿ, ಊರ ಬಾಗಿಲು!
ಏತ್ವ ಕೊಟ್ರ ಅಗಸೆ!’
ಗೋಡೆಯಾಚೆ ನರಸಿಂಹಪ್ಪ ಕೆಮ್ಮಿದ.
ಯಾವ ಕುಲವೋ ಕೇಳಿಲ್ಲ, ಕೆಲಸ ಮಾತ್ರ ಅಗಸರದು:
ವಾಷಿಂಗಿನಲ್ಲಿ ಹೊಸ ಪ್ಯಾಂಟನ್ನು ಹಳೆಯದು ಮಾಡುತ್ತಾನೆ,
ಹಬ್ಬದ ದಿನವೂ ಉಗುರಿನಡಿ ನೀಲಿ.
‘ಮೂರಕ್ಕೂ ನಂಟಿಲ್ಲ, ಬಿಡೋ’ ಅಂದೆ.
ಅಂದ ಮೇಲೆ ಅನಿಸಿತು,
ನಂಟಿಲ್ಲದವರೇ ಅಲ್ಲವೇ ಲೈನ್ ಮನೆಯಲ್ಲಿರುವುದು,
ಒಂದು ನಲ್ಲಿಗೆ ಆರು ಕೊಡ.

ಅಷ್ಟು ಹೊತ್ತು ಸುಮ್ಮನಿದ್ದ ಅಪ್ಪ
‘ದಾರಕ್ಕ ಗುಡಿಸು ಕೊಡು ನೋಡಾಣ’ ಅಂದ.
ಗಾದಿಲಿಂಗ ಬರೆದ: ದಾರಿ.
ಬರೆದು, ತಾನೇ ಬಾಯಿ ಮುಚ್ಚಿಕೊಂಡ.

ಅಪ್ಪ ಕತ್ತರಿ ಕೆಳಗಿಟ್ಟ.
ಮಡಿಲಿಂದ ಕಿತ್ತಳೆ ದಾರದ ತುಣುಕೊಂದು ಆರಿಸಿ
ಬಲ ಅಂಗೈ ಮೇಲೆ ಹೆಬ್ಬೆರಳಿನ ಬುಡ ಬಳಸಿ
ಮಣಿಕಟ್ಟಿನ ತನಕ ಇಟ್ಟ.
ಬಳ್ಳಾರಿಯ ಸೆಕೆ, ಬೆವರಿಗೆ ಅಂಟಿಕೊಂಡಿತು.
ದೀಪದ ಕಡೆ ಕೈ ಎತ್ತಿ ನೋಡಿ ಕೇಳಿದ,
‘ಆ ಮುದುಕಿ ಅದಾಳೇನು ಇನ್ನೂ?
ಹತ್ತು ರೂಪಾಯಿ ಕೊಟ್ಟು ಬರಬೇಕು.’